ಟವೆಲ್ಲಿನ ಕೆಳಗೆ ಕಂಪ್ಯೂಟರಿನ ಕೈ

ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ನಾನು ಇದುವರೆಗೆ ಮಾರಿಸಿದ ಎತ್ತುಗಳೆಲ್ಲ ಒಂದೇ ದಿನ ಕುಂಟಲಿ. ನಾನು ದನದ ದಲ್ಲಾಳಿ ಎಂದು ಗೊತ್ತಾದ ಕೂಡಲೇ ಕೆಲವರು ಮುಖ ಪಕ್ಕಕ್ಕೆ ತಿರುಗಿಸಿ ನಗುತ್ತಾರೆ. ಅವರಿಗೆ ವ್ಯವಹಾರ ಗೊತ್ತಿಲ್ಲ. ದಲ್ಲಾಳಿ ಸುಳ್ಳು ಹೇಳುವುದು ಸಂತೆಯ ದಿನ ಮಾತ್ರ. ಇವತ್ತು ಸಂತೆಯಿಲ್ಲ.

ನನ್ನ ಹೆಸರು ಕೆಂಪಣ್ಣ. ಊರು ಹೊನ್ನೇಕಟ್ಟೆ, ಬಿಂಡಿಗನವಿಲೆಯಿಂದ ನಾಲ್ಕು ಮೈಲಿ ಒಳಕ್ಕೆ. ತೊಂಬತ್ತೈದರ ದೀಪಾವಳಿಯಲ್ಲಿ ನನ್ನ ಹೆಂಡತಿ ಚಿಕ್ಕಬೋರಮ್ಮ ಆ ನಾಲ್ಕು ಮೈಲಿಯನ್ನು ಮೊಣಕಾಲುದ್ದ ಕೆಸರಿನಲ್ಲಿ ನಡೆದು, ಬಸ್ಸು ಹತ್ತಿ, ಪಾಂಡವಪುರದ ತವರಿಗೆ ಹೋದಳು. ಅವಳ ತವರುಮನೆ ಇರುವುದು ಬಸ್‌ಸ್ಟ್ಯಾಂಡಿನ ಎದುರಿಗೆ. ಅವಳು ಹುಟ್ಟಿದಾಗ ಮೊದಲು ಕೇಳಿದ್ದು ಸೂಲಗಿತ್ತಿಯ ಮಾತಲ್ಲ, ಕಂಡಕ್ಟರನ ಸೀಟಿ. ಹಬ್ಬ ಮುಗಿದು ಕರೆಯಲು ಹೋದಾಗ ಜಗಲಿಯ ಮೇಲೆ ಕೂತು ಒಂದೇ ಮಾತು ಹೇಳಿದಳು.

"ನಿಮ್ಮೂರ್ ಬಾಗ್ಲಿಗೆ ಬಸ್ಸು ಬರ್ಲಿ. ಬಂದ್ ದಿನ ಅದೇ ಬಸ್ಸಲ್ಲಿ ಬತ್ತೀನಿ. ಅಲ್ಲೀಗಂಟ ಈ ಜಗ್ಲಿ ಬುಟ್ಟು ಏಳಾಕಿಲ್ಲ."

ಅವಳು ಹೇಳಿದರೆ ಹೇಳಿದ ಹಾಗೆ. ಮೂರು ತಿಂಗಳು ನಾನೇ ಮುದ್ದೆ ತಿರುವಿದೆ. ಒಂದು ದಿನ ತಿನ್ನಲಾಗದೆ ಉಳಿದ ಮುದ್ದೆಯನ್ನು ಎತ್ತಿಗೆ ಇಟ್ಟೆ. ಅದು ಮೂಸಿತು, ಒಂದು ಸಲ ನನ್ನ ಮುಖ ನೋಡಿತು, ಗೂಟ ಕಿತ್ತುಕೊಂಡು ಹೋಯಿತು. ಮತ್ತೆ ಸಿಕ್ಕಿದ್ದು ಬೆಳ್ಳೂರು ಕ್ರಾಸಿನಲ್ಲಿ, ಹೋಟೆಲಿನ ಮುಂದೆ ನಿಂತಿತ್ತು.

ಹೀಗಿರುವಾಗ ತೊಂಬತ್ತಾರರ ಫೆಬ್ರವರಿಯಲ್ಲಿ ಸುದ್ದಿ ಬಂತು. ಪಾಂಡವಪುರದಿಂದ ಸಂಜೆ ನಾಲ್ಕಕ್ಕೆ ಹೊರಟು, ನಾಗಮಂಗಲ ದಾಟಿ, ನಮ್ಮ ಕಡೆ ಬಂದು ರಾತ್ರಿ ತಂಗಿ, ಬೆಳಿಗ್ಗೆ ಆರಕ್ಕೆ ವಾಪಸ್ಸು ಹೋಗುವ ಒಂದು ಹಾಲ್ಟ್ ಬಸ್ಸು ಬರುತ್ತದೆಂದು. ಆದರೆ ಬಸ್ಸು ಒಂದು, ಊರು ಮೂರು. ನಮ್ಮ ಹೊನ್ನೇಕಟ್ಟೆ, ಎಡಕ್ಕೆ ತೊಂಡೆಕೊಪ್ಪಲು, ಬಲಕ್ಕೆ ಹಳ್ಳದ ಆಚೆ ಸಣ್ಣೇನಹಳ್ಳಿ. ಮೂರು ಊರಿನವರೂ ಮೂರು ಅರ್ಜಿ ಕೊಟ್ಟು, ಮೂರು ಸಲ ಜಗಳವಾಡಿದ ಮೇಲೆ, ಬಸ್ಸಿನ ಆಫೀಸಿನವರು ಕೈಮುಗಿದು ಹೇಳಿದರಂತೆ: "ಮೂರೂ ಊರಿನೋರು ಸೇರಿ ಒಂದೇ ಊರಿನ ಹೆಸರು ಬರೆದು ಶನಿವಾರದೊಳಗೆ ತನ್ನಿ. ಇಲ್ಲದಿದ್ದರೆ ಬಸ್ಸು ಕೆ.ಆರ್.ಪೇಟೆ ಕಡೆಗೆ ಹೋಗುತ್ತೆ."

ಉಳಿದವರಿಗೆ ಅದು ಬಸ್ಸು. ನನಗೆ ಅದು ಹೆಂಡತಿ.

ಆ ಕಾಲಕ್ಕೆ ನಾಗಮಂಗಲದಲ್ಲಿ ಶಿವಶಂಕರ್ ಎಂಬ ಹುಡುಗ, ಅಂದರೆ ಇಪ್ಪತ್ತೆಂಟು ವರ್ಷದವನು, ಫೋಟೋ ಸ್ಟುಡಿಯೋ ಮಹಡಿಯ ಮೇಲೆ ಕಂಪ್ಯೂಟರ್ ಸೆಂಟರ್ ಇಟ್ಟಿದ್ದ. ಚಪ್ಪಲಿ ಹೊರಗೆ ಬಿಟ್ಟು, ಕಾಲು ತೊಳೆದು ಒಳಗೆ ಹೋಗಬೇಕು. ಕಂಪ್ಯೂಟರಿಗೆ ಹೂವಿನ ಚಿತ್ರದ ಬಟ್ಟೆ ಹೊದಿಸಿರುತ್ತಿದ್ದ. ಅವನ ಹತ್ತಿರ ಒಂದು ಫ್ಲಾಪಿಯಲ್ಲಿ ಒಂದು ಪ್ರೋಗ್ರಾಮು ಇತ್ತು. ತಲೆಕೆಟ್ಟು ಯಾವುದು ಆರಿಸಬೇಕೆಂದು ತಿಳಿಯದವರಿಗೆ ಅದು ಆರಿಸಿಕೊಡುತ್ತಿತ್ತು. ಶ್ರೀರಂಗಪಟ್ಟಣದ ಅಣ್ಣತಮ್ಮಂದಿರಿಬ್ಬರಿಗೆ ಹೊಳೆಸಾಲಿನ ಗದ್ದೆ ಯಾರಿಗೆ, ಅಪ್ಪನ ರೇಡಿಯೋ ಯಾರಿಗೆ ಎಂದು ಅದೇ ಹೇಳಿಕೊಟ್ಟಿತ್ತು. ಕೆ.ಆರ್.ಪೇಟೆಯ ಒಂದು ಮದುವೆಗೆ ಹೋಳಿಗೆ ಮಾಡುವುದೋ ಜಾಮೂನು ಮಾಡುವುದೋ ಎಂದು ಎರಡು ಕಡೆಯ ಬೀಗರು ಬಡಿದಾಡುವ ಹಂತಕ್ಕೆ ಬಂದಾಗ, ಹೋಳಿಗೆಗೆ ನೂರಕ್ಕೆ ಎಪ್ಪತ್ತಮೂರು ಎಂದು ಕಾಗದದಲ್ಲಿ ಹೊಡೆದುಕೊಟ್ಟಿತ್ತು. ಆ ಕಾಗದಕ್ಕೆ ಅರಿಶಿನ ಕುಂಕುಮ ಹಚ್ಚಿ ಲಗ್ನಪತ್ರಿಕೆಯ ಜೊತೆ ಇಟ್ಟಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

ನಾನು ಹೋಗಿ ಮೂರು ಊರಿನವರನ್ನೂ ಒಪ್ಪಿಸಿದೆ. ಗುರುವಾರ ಮಧ್ಯಾಹ್ನ ಎಲ್ಲರೂ ನಾಗಮಂಗಲಕ್ಕೆ ಹೊರಟೆವು. ಒಂದೊಂದು ಊರಿಗೆ ಒಬ್ಬೊಬ್ಬರು ಮಾತಾಡಬೇಕು ಎಂದಾಗಿತ್ತು. ನಮ್ಮೂರಿಗೆ ಯಜಮಾನ ಶಿವಲಿಂಗಯ್ಯ. ತೊಂಡೆಕೊಪ್ಪಲಿಗೆ ಕರಿಯಯ್ಯ, ಅವನು ಹತ್ತು ವರ್ಷ ಮಾಕವಳ್ಳಿ ಫ್ಯಾಕ್ಟರಿಗೆ ಕಬ್ಬಿನ ಲಾರಿ ಓಡಿಸಿ, ಈಗ ಮನೆಯಲ್ಲಿ ಕೂತು ಮಂಚದ ಮೇಲೂ ಗೇರು ಹಾಕುವವನು. ಸಣ್ಣೇನಹಳ್ಳಿಗೆ ಪಂಚಾಯ್ತಿ ಮೆಂಬರು ದ್ಯಾವಮ್ಮ, ಅರವತ್ತೈದು ದಾಟಿದ ಹೆಂಗಸು. ಆಯಮ್ಮ ಮೀಟಿಂಗಿಗೆ ಬಂದರೆ ಗೋಡೆಗೆ ಒರಗಿದವರೆಲ್ಲ ನೆಟ್ಟಗಾಗುತ್ತಿದ್ದರು.

ಮೂವರು ಮಾತಾಡುವವರು, ಮುನ್ನೂರು ಜನ ನೋಡುವವರು. ಮೆಟ್ಟಿಲ ಮೇಲೆ, ಬೀದಿಯಲ್ಲಿ, ಎದುರಿನ ಟೈರ್ ಅಂಗಡಿಯ ಮೇಲೆ ಎಲ್ಲಾ ಜನ. ಚಪ್ಪಲಿಗಳ ರಾಶಿ ಎಷ್ಟಾಯಿತೆಂದರೆ ಮಹಡಿ ಹತ್ತಲು ಮೆಟ್ಟಿಲು ಬೇಕಾಗಲಿಲ್ಲ. ಹೊಸ ಪಿಕ್ಚರ್ ಬಂದಿದೆ ಎಂದುಕೊಂಡು ಕಡ್ಲೇಕಾಯಿ ಗಾಡಿಗಳೂ ಬಂದು ನಿಂತವು.

ಶಿವಶಂಕರ್ ಬಟ್ಟೆ ತೆಗೆದು, ಕಂಪ್ಯೂಟರಿಗೆ ಕೈಮುಗಿದು, ವಿಷಯ ತಿಳಿಸಿದ.

"ನೋಡಿ ಯಜಮಾನ್ರೇ, ಬಸ್ಸು ನಿಲ್ಲೋಕೆ ನಾಲ್ಕು ವಿಷ್ಯ ಮುಖ್ಯ. ಊರಿನ ಜನ, ರಸ್ತೆ, ಬಸ್ಸು ತಿರುಗೋ ಜಾಗ, ಡ್ರೈವರ್ ಕಂಡಕ್ಟರ್‌ಗೆ ಊಟ ಮತ್ತೆ ಮಲಗೋ ಜಾಗ. ನಾಲ್ಕೂ ಒಟ್ಟಿಗೆ ತೂಗೋಕೆ ಯಾರಿಗೂ ಆಗಲ್ಲ, ತಲೆ ಕೆಡ್ತದೆ. ಅದಕ್ಕೆ ಈ ಪ್ರೋಗ್ರಾಮು ಎರಡೆರಡೇ ಕೇಳ್ತದೆ. ರಸ್ತೆ ಹೆಚ್ಚೋ, ಜನ ಹೆಚ್ಚೋ. ಹೆಚ್ಚು ಅಂದ್ರೆ ಎಷ್ಟು ಪಾಲು ಹೆಚ್ಚು. ಎರಡೂ ಸಮ ಅಂದ್ರೆ ಒಂದು. ಭಾರೀ ಹೆಚ್ಚು ಅಂದ್ರೆ ಒಂಬತ್ತು. ಆಮೇಲೆ ಊರುಗಳ್ನೂ ಹಂಗೇ, ಎರಡೆರಡೇ. ಒಟ್ಟು ಹದಿನೆಂಟು ಪ್ರಶ್ನೆ. ಮಿಕ್ಕ ಲೆಕ್ಕ ಅದೇ ಮಾಡ್ಕೊಳ್ತದೆ."

"ಹದ್ನೆಂಟೇಯಾ?" ಎಂದ ಕರಿಯಯ್ಯ. "ನನ್ನ ಹೆಂಡ್ರು ಬೆಳಗೆದ್ದು ಹಲ್ಲುಜ್ಜಾಗಂಟ ಅಷ್ಟು ಕೇಳ್ತಾಳೆ."

ಊರುಗಳನ್ನು ತೂಗುವುದಕ್ಕೆ ದ್ಯಾವಮ್ಮ ಒಂದು ಕಟ್ಟಳೆ ಹಾಕಿದಳು. ಎರಡು ಊರು ತೂಗುವಾಗ ಆ ಎರಡೂ ಊರಿನವರು ಬಾಯಿ ಮುಚ್ಚಿಕೊಂಡಿರಬೇಕು, ಮೂರನೆಯ ಊರಿನವರು ನ್ಯಾಯವಾಗಿ ಹೇಳಬೇಕು. ಎಲ್ಲರೂ ಭೇಷ್ ಅಂದರು.

ಮೊದಲು ರಸ್ತೆಯ ವಿಷಯ. ತೊಂಡೆಕೊಪ್ಪಲಿನ ರಸ್ತೆ ವಾಸಿಯೋ, ಸಣ್ಣೇನಹಳ್ಳಿಯದು ವಾಸಿಯೋ ಎಂದು ಶಿವಶಂಕರ್ ನಮ್ಮ ಶಿವಲಿಂಗಯ್ಯನನ್ನು ಕೇಳಿದ. ಶಿವಲಿಂಗಯ್ಯ ಒಂದು ಸಲ ಕರಿಯಯ್ಯನ ಮುಖ, ಒಂದು ಸಲ ದ್ಯಾವಮ್ಮನ ಮುಖ ನೋಡಿದ.

"ಎರಡೂ ಒಂದೇಯ. ಎದುರ್ಗಡೆ ಕುಂತೋರ್ ಊರ್ನ ಕೀಳು ಅನ್ನಕ್ಕಾಯ್ತದಾ?"

ಕರಿಯಯ್ಯನೂ ಹಾಗೇ ಹೇಳಿದ. ದ್ಯಾವಮ್ಮನೂ ಹಾಗೇ. ಹದಿನೆಂಟು ಪ್ರಶ್ನೆಗೂ ಮರ್ಯಾದೆಯಿಂದ "ಒಂದು, ಒಂದು" ಎಂದು ಹೇಳಿ ಮುಗಿಸಿದರು. ಕಂಪ್ಯೂಟರ್ ಸ್ವಲ್ಪ ಹೊತ್ತು ಗುರ್ರೆಂದು, ಮೂರು ಊರಿಗೂ ಮೂವತ್ತಮೂರು ಪಾಯಿಂಟ್ ಮೂರು ಎಂದು ತೋರಿಸಿತು.

"ಇಷ್ಟು ಯೋಳಕ್ಕೆ ಇದ್ಕೆ ಕರೆಂಟು ಬೇಕಾಗಿತ್ತಾ?" ಅಂದಳು ದ್ಯಾವಮ್ಮ.

ಶಿವಶಂಕರ್ ತಲೆ ಮೇಲೆ ಕೈಯಿಟ್ಟುಕೊಂಡ. ಆಗ ನಾನು ಎದ್ದು, ಹೆಗಲ ಮೇಲಿನ ಟವೆಲ್ಲು ಕೊಡವಿದೆ.

ದನದ ಸಂತೆ ನೋಡಿದವರಿಗೆ ಇದು ಗೊತ್ತು. ನಾವು ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಇಬ್ಬರ ಬಲಗೈ ಮೇಲೆ ಟವೆಲ್ಲು ಹಾಕಿ, ಒಳಗೆ ಬೆರಳು ಹಿಡಿಯುತ್ತೇವೆ. ಎರಡು ಬೆರಳು ಹಿಡಿದರೆ ಎರಡು. ಇಡೀ ಕೈ ಹಿಡಿದು ಬಿಟ್ಟು ಮತ್ತೆ ನಾಲ್ಕು ಬೆರಳು ಹಿಡಿದರೆ ಒಂಬತ್ತು. ಹೊರಗೆ ನಿಂತವರಿಗೆ ಕಾಣುವುದು ಟವೆಲ್ಲು ಅಲ್ಲಾಡುವುದು ಮಾತ್ರ. ಹಾಗಾಗಿ ಮುಖ ನೋಡಿಕೊಂಡು ಯಾರೂ ಯಾರನ್ನೂ ಕೀಳು ಮಾಡಬೇಕಾಗಿಲ್ಲ. ದಲ್ಲಾಳಿ ಹೊರಗೆ ಏನು ಬೇಕಾದರೂ ಹೇಳಬಹುದು, ಟವೆಲ್ಲಿನ ಒಳಗೆ ಹಿಡಿದ ಬೆರಳನ್ನು ತಿರುಚುವಂತಿಲ್ಲ. ತಿರುಚಿದವನನ್ನು ಮತ್ತೆ ಯಾವ ಸಂತೆಗೂ ಸೇರಿಸುವುದಿಲ್ಲ.

"ನಂಗೆ ಬೆರಳಲ್ಲಿ ಯೋಳಿ. ನಾನು ಆ ಹುಡ್ಗನ ಕಿವೀಲಿ ಹೇಳ್ತೀನಿ," ಅಂದೆ.

ಎಲ್ಲರ ಮುಖವೂ ಅರಳಿತು. ದ್ಯಾವಮ್ಮನ ಮುಂದೆ ಕೈ ಚಾಚಲು ನಾನು ಹಿಂದೆಮುಂದೆ ನೋಡಿದಾಗ ಆಯಮ್ಮನೇ ಕೈ ಎಳೆದುಕೊಂಡಳು. "ನಿಮ್ಮವ್ವ ನನ್ಗಿಂತ ಎರಡ್ ವರ್ಸ ಚಿಕ್ಕೋಳು. ಕೊಡ್ಲಾ ಕೈಯ, ನಾಚ್ಕೋಬ್ಯಾಡ."

ಮತ್ತೆ ರಸ್ತೆಯಿಂದಲೇ ಶುರುವಾಯಿತು. ಶಿವಲಿಂಗಯ್ಯನ ತಂಗಿಯನ್ನು ತೊಂಡೆಕೊಪ್ಪಲಿಗೆ ಕೊಟ್ಟಿದೆ. ಅವನು ಟವೆಲ್ಲಿನ ಒಳಗೆ, ಸಣ್ಣೇನಹಳ್ಳಿಗಿಂತ ತೊಂಡೆಕೊಪ್ಪಲಿನ ರಸ್ತೆ ಒಂಬತ್ತು ಪಾಲು ವಾಸಿ ಎಂದು ಹಿಡಿದ. ಕರಿಯಯ್ಯ ಮಗಳನ್ನು ಸಣ್ಣೇನಹಳ್ಳಿಗೆ ಕೊಟ್ಟಿದ್ದಾನೆ. ಅವನು ಹೊನ್ನೇಕಟ್ಟೆಗಿಂತ ಸಣ್ಣೇನಹಳ್ಳಿಯ ರಸ್ತೆ ಒಂಬತ್ತು ಪಾಲು ವಾಸಿ ಎಂದು ಹಿಡಿದ. ದ್ಯಾವಮ್ಮನ ತವರು ನಮ್ಮ ಹೊನ್ನೇಕಟ್ಟೆ. ಆಯಮ್ಮ ತೊಂಡೆಕೊಪ್ಪಲಿಗಿಂತ ಹೊನ್ನೇಕಟ್ಟೆ ಒಂಬತ್ತು ಪಾಲು ವಾಸಿ ಎಂದು, ಬೆರಳು ಮುರಿಯುವ ಹಾಗೆ ಹಿಡಿದಳು.

ನಾನು ಮೂರನ್ನೂ ಶಿವಶಂಕರನ ಕಿವಿಯಲ್ಲಿ ಹೇಳಿದೆ. ಅವನು ಒತ್ತಿದ. ಕಂಪ್ಯೂಟರ್ ಮೂರನ್ನೂ ಗಪ್ಪನೆ ತೆಗೆದುಕೊಂಡಿತು.

ಕರಿಯಯ್ಯ ಸ್ವಲ್ಪ ಹೊತ್ತು ಕಾದ. ಏನೂ ಆಗಲಿಲ್ಲ.

"ಏನಂತು?" ಅಂದ.

"ತಗೊಂಡ್ತು," ಅಂದ ಶಿವಶಂಕರ್.

"ಚೌಕಾಸಿ ಮಾಡ್ನಿಲ್ವಾ?"

"ಇಲ್ಲ. ನೀವು ಹೇಳಿದ್ದನ್ನೇ ತಗೊಂಡ್ತು."

ಕರಿಯಯ್ಯನ ಮುಖ ಕಪ್ಪಿಟ್ಟಿತು. ಶಿವಲಿಂಗಯ್ಯನೂ ಎದ್ದು ನಿಂತ. ಇದು ಹೊರಗಿನವರಿಗೆ ಅರ್ಥವಾಗುವುದು ಕಷ್ಟ. ಟವೆಲ್ಲಿನ ಒಳಗೆ ಮೊದಲು ಹಿಡಿಯುವ ಬೆರಳು ಯಾರಿಗೂ ಬೆಲೆಯಲ್ಲ. ಎದುರಿನವನು ಇಳಿಸಲಿ ಎಂದೇ ಎರಡರಷ್ಟು, ಮೂರರಷ್ಟು ಹಿಡಿಯುತ್ತಾರೆ. ಒಂಬತ್ತು ಹಿಡಿದವನು ಮನಸ್ಸಿನಲ್ಲಿ ಎರಡು ಎಂದುಕೊಂಡಿರುತ್ತಾನೆ. ಎದುರಿನವನು ಮೊದಲ ಮಾತಿಗೇ ಒಪ್ಪಿಬಿಟ್ಟರೆ ಮಾರುವವನಿಗೆ ರಾತ್ರಿ ನಿದ್ದೆ ಬರುವುದಿಲ್ಲ.

"ನಾನು ಕಮ್ಮಿ ಕೇಳ್ಬುಟ್ಟೆ ಕಣ್ಲಾ," ಅಂದ ಕರಿಯಯ್ಯ. "ಇಪ್ಪತ್ತು ಅನ್ಬೇಕಾಗಿತ್ತು. ನನ್ ಕೈ ವಾಪಸ್ ತಗತೀನಿ."

"ಒಂಬತ್ತಕ್ಕಿಂತ ಮೇಲೆ ಇಲ್ಲ ಯಜಮಾನ್ರೇ."

"ಮೇಲಿಲ್ಲ, ಕೆಳಗೂ ಇಳ್ಸಲ್ಲ. ಇದ್ಯಾವ್ ಸೀಮೆ ವ್ಯಾಪಾರಿ?"

ಅಷ್ಟರಲ್ಲಿ ಕಂಪ್ಯೂಟರ್ ಕೀಂ ಎಂದು ಕೂಗಿ ಕೆಂಪಗೆ ಏನೋ ಬರೆಯಿತು. ಮೆಟ್ಟಿಲ ಮೇಲಿನ ಮುನ್ನೂರು ಜನ ಒಂದು ಮೆಟ್ಟಿಲು ಹಿಂದಕ್ಕೆ ಸರಿದರು. ಚಪ್ಪಲಿ ರಾಶಿ ಬೀದಿಯವರೆಗೆ ಜಾರಿತು.

ಶಿವಶಂಕರ್ ಓದಿ ಹೇಳಿದ. "ನಿಮ್ಮ ಮಾತು ಒಂದಕ್ಕೊಂದು ಹೊಂದ್ತಿಲ್ಲ ಅಂತದೆ. ತೊಂಡೆಕೊಪ್ಪಲು ಸಣ್ಣೇನಹಳ್ಳಿಗಿಂತ ವಾಸಿ, ಸಣ್ಣೇನಹಳ್ಳಿ ಹೊನ್ನೇಕಟ್ಟೆಗಿಂತ ವಾಸಿ ಅಂದ್ರೆ, ತೊಂಡೆಕೊಪ್ಪಲು ಹೊನ್ನೇಕಟ್ಟೆಗಿಂತ ವಾಸಿ ಆಗ್ಬೇಕು ತಾನೆ? ನೀವು ಹೊನ್ನೇಕಟ್ಟೇನೇ ವಾಸಿ ಅಂದಿದ್ದೀರಿ. ಸುತ್ತಿ ಸುತ್ತಿ ಅಲ್ಲಿಗೇ ಬಂತು. ಮಾತಿನ ಎಡವಟ್ಟು ಎಷ್ಟಿದೆ ಅಂತ ಇದು ಅಳೀತದೆ. ಪಾಯಿಂಟ್ ಒಂದರೊಳಗೆ ಇದ್ರೆ ಪರವಾಗಿಲ್ಲ. ನಿಮ್ಮದು ಆರು ಪಾಯಿಂಟ್ ಒಂದು."

"ಜಾಸ್ತಿನಾ?" ಎಂದ ಶಿವಲಿಂಗಯ್ಯ.

"ಇದಕ್ಕಿಂತ ಜಾಸ್ತಿ ಬರೋಕೆ ಸಾಧ್ಯವೇ ಇಲ್ಲ. ಮೂರು ವಸ್ತು ಇಟ್ಕೊಂಡು ಮನುಷ್ಯ ಎಷ್ಟು ಎಡವಟ್ಟಾಗಿ ಮಾತಾಡಬಹುದೋ ಅಷ್ಟೂ ಆಡಿದ್ದೀರಿ."

ಇದನ್ನು ಕೇಳಿ ಮೂವರಿಗೂ ಒಳಗೊಳಗೇ ಹೆಮ್ಮೆಯಾದದ್ದು ನನಗೆ ಕಂಡಿತು. ಆದರೆ ಗಡಿಯಾರ ಮೂರು ತೋರಿಸುತ್ತಿತ್ತು. ಒಂದೇ ಹೆಸರು ಬರೆಯದಿದ್ದರೆ ಬಸ್ಸು ಕೆ.ಆರ್.ಪೇಟೆಗೆ, ನಾನು ಮುದ್ದೆ ಕೋಲಿಗೆ. ತಲೆಗೆ ಒಂದು ಉಪಾಯ ಹೊಳೆಯಿತು.

"ತಪ್ಪು ಇವ್ರದ್ದಲ್ಲ ಕಣಪ್ಪ, ನಿನ್ನ ಮಿಷನ್‌ಗೆ ಕೈಯಿಲ್ಲ," ಅಂದೆ ಶಿವಶಂಕರನಿಗೆ. "ಕೈಯಿಲ್ದೋನು ಚೌಕಾಸಿ ಎಂಗೆ ಮಾಡ್ತಾನೆ? ಇವತ್ತೊಂದಿನ ಇದರ ಕೈ ನಾನಾಯ್ತೀನಿ."

ಟವೆಲ್ಲಿನ ಒಂದು ತುದಿಯನ್ನು ಕಂಪ್ಯೂಟರಿನ ಟೀವಿಗೆ ಹೊದಿಸಿದೆ. ಇನ್ನೊಂದು ತುದಿಯ ಕೆಳಗೆ ನನ್ನ ಬಲಗೈ. ಈಗ ಆ ಕೈ ಕೆಂಪಣ್ಣನದಲ್ಲ, ಕಂಪ್ಯೂಟರಿನದು.

ಶಿವಲಿಂಗಯ್ಯ ಬಂದು ಮತ್ತೆ ಒಂಬತ್ತು ಹಿಡಿದ. ನಾನು ಕೈ ಕೊಡವಿದೆ. "ಯಜಮಾನ್ರೇ, ವಾದ್ ವರ್ಸ ತಂಗಿ ಮನೆಗೆ ಗಾಡಿ ಕಟ್ಕೊಂಡು ಓದಾಗ ಅಚ್ಚು ಮುರೀತಲ್ಲ, ಯಾವ್ ರಸ್ತೇಲಿ?"

"ತೊಂಡೆಕೊಪ್ಲು ರಸ್ತೇಲಿ." ಐದಕ್ಕೆ ಇಳಿದ.

"ಅಚ್ಚು ಕಟ್ಟಿಸ್ಕೊಂಡು ವಾಪಸ್ ಬಂದಿದ್ದು?"

"ಅದೇ ರಸ್ತೇಲಿ. ಮತ್ತೆ ಮುರೀತು." ಬೆರಳು ಒಂದಕ್ಕೆ ನಿಂತಿತು. ಎರಡು ರಸ್ತೆಯೂ ಸಮ.

ಕರಿಯಯ್ಯ ಬಂದ. ಒಂಬತ್ತು.

"ಮಗಳ ಬಾಣಂತನಕ್ಕೆ ಸಣ್ಣೇನಹಳ್ಳಿಗೆ ಓಗ್ವಾಗ ಹಳ್ಳ ಎಂಗೆ ದಾಟುದ್ರಿ?"

"ಎತ್ತಿನ ಬಾಲ ಇಡ್ಕಂಡು."

"ಬಸ್ಸಿಗೆ ಯಾರ್ ಬಾಲ ಕೊಡಾನ?"

ಮೆಟ್ಟಿಲಿನಿಂದ ನಗೆ ಉಕ್ಕಿ ಬಂತು. ಕರಿಯಯ್ಯ ಬೆರಳು ಬಿಟ್ಟು, ಕೈ ಮಗುಚಿ ಹಿಡಿದ. ಸಂತೆಯಲ್ಲಿ ಅದಕ್ಕೆ ಮಾತು ತಿರುಗಿತು ಎಂದರ್ಥ: ಹೊನ್ನೇಕಟ್ಟೆಯೇ ಎರಡು ಪಾಲು ವಾಸಿ. ದ್ಯಾವಮ್ಮ ಮಾತ್ರ ನಾನು ಏನೂ ಕೇಳುವ ಮೊದಲೇ, ತಾನಾಗಿಯೇ ಎರಡಕ್ಕೆ ಇಳಿದು, "ಮೊದ್ಲು ಒಂಬತ್ತು ಯೋಳಿದ್ದು ತವರಿನ ಮರ್ವಾದೆಗೆ ಕಣ್ಲಾ," ಅಂದಳು.

ಶಿವಶಂಕರ್ ಒತ್ತಿದ. ಎಡವಟ್ಟು ಸೊನ್ನೆ. ಅವನಿಗೆ ಕಣ್ಣಲ್ಲಿ ನೀರು ಬಂತು. ಇಷ್ಟು ಶುದ್ಧವಾದ ಸೊನ್ನೆಯನ್ನು ಮೈಸೂರಿನಲ್ಲೂ ನೋಡಿಲ್ಲ ಎಂದ.

ಆಮೇಲೆ ನೋಡಬೇಕಿತ್ತು. ಟವೆಲ್ಲು ಒಳಗೆ ಕುದಿಯುವ ಮಡಕೆಯ ಮುಚ್ಚಳದ ಹಾಗೆ ಕುಣಿಯಿತು. ಅದು ಒಂದೊಂದು ಸಲ ಅಲ್ಲಾಡಿದಾಗಲೂ ಬೀದಿಯಲ್ಲಿ ಸಿಳ್ಳೆ. ಅರ್ಧದಲ್ಲಿ ಕರೆಂಟು ಹೋಯಿತು. ಕೆಳಗಿಟ್ಟಿದ್ದ ಬ್ಯಾಟರಿ ಹತ್ತೇ ನಿಮಿಷ ಬರುವುದು ಎಂದು ಶಿವಶಂಕರ್ ಕೂಗಿದ. ಆ ಹತ್ತು ನಿಮಿಷದಲ್ಲಿ ಹದಿಮೂರು ಪ್ರಶ್ನೆ ಮುಗಿಸಿದೆ. ನನ್ನ ಕೈ ಕಾದು ಟವೆಲ್ಲಿನ ಮೇಲೆ ಇಸ್ತ್ರಿ ಮಾಡಿದ ಹಾಗೆ ಗೆರೆ ಮೂಡಿತ್ತು. ಬೇಕಾದರೆ ಮನೆಗೆ ಬನ್ನಿ, ತೋರಿಸುತ್ತೇನೆ.

ನಾಲ್ಕು ವಿಷಯಗಳಲ್ಲಿ ಯಾವುದು ಹೆಚ್ಚು ಎಂಬಲ್ಲಿ ಕರಿಯಯ್ಯನ ಲಾರಿ ಬುದ್ಧಿ ಎಲ್ಲರನ್ನೂ ಗೆದ್ದಿತು.

"ಜನ ಎಷ್ಟಾರ ಇರ್ಲಿ, ರಸ್ತೆ ಕನ್ನಡಿ ಅಂಗಿರ್ಲಿ. ಬಂದ್ ಬಸ್ಸು ತಿರುಗ್ದೆ ಇದ್ರೆ ಬೆಳಿಗ್ಗೆ ಪಾಂಡವಪುರಕ್ಕೆ ಹಿಂದ್‌ಹಿಂದ್ಕೇ ಓಯ್ತದಾ?"

ಹೀಗೆ ತಿರುಗುವ ಜಾಗಕ್ಕೆ ನೂರಕ್ಕೆ ನಲವತ್ತೇಳು ಬಂತು. ಅಲ್ಲಿ ನಮಗೆ ಪೆಟ್ಟು ಬಿತ್ತು. ತೊಂಡೆಕೊಪ್ಪಲಿಗೆ ಕೆರೆ ಕೆಳಗೆ ದೊಡ್ಡ ಬಯಲಿದೆ. ನಮ್ಮೂರಿನಲ್ಲಿ ಎರಡು ಎಮ್ಮೆ ಎದುರುಬದುರಾದರೆ ಒಂದು ಎಮ್ಮೆ ಹಿಮ್ಮುಖ ನಡೆಯಬೇಕು. ನಮ್ಮೂರ ಎಮ್ಮೆಗಳಿಗೆ ಅದು ರೂಢಿಯಾಗಿದೆ. ದ್ಯಾವಮ್ಮನ ಕೈ ಟವೆಲ್ಲಿನೊಳಗೆ ಬಂತು. ತವರು ಎಂದು ನೋಡದೆ, ಹೊನ್ನೇಕಟ್ಟೆಗಿಂತ ತೊಂಡೆಕೊಪ್ಪಲು ಆರು ಪಾಲು ವಾಸಿ ಎಂದು ಹಿಡಿದಳು. ನಾನು ಎಳೆದೆ, ಜಗ್ಗಿದೆ. ಆರರಿಂದ ಕದಲಲಿಲ್ಲ.

ಆ ಆರು ನನಗೂ ಅವಳಿಗೂ ಮಾತ್ರ ಗೊತ್ತು. ಶಿವಶಂಕರನ ಕಿವಿ ನನ್ನ ಬಾಯಿ ಹತ್ತಿರವೇ ಇತ್ತು. "ಎರಡು" ಅಂದಿದ್ದರೆ ಮುಗಿಯುತ್ತಿತ್ತು. ಪಾಂಡವಪುರದ ಜಗಲಿ ಕಣ್ಣಿಗೆ ಕಟ್ಟಿತು. ಬಾಯಿ "ಎ" ಎನ್ನುವಷ್ಟು ತೆರೆದದ್ದೂ ನಿಜ. ಆದರೆ ಟವೆಲ್ಲು ಟವೆಲ್ಲೇ.

"ಆರು," ಅಂದೆ.

ಕಾಗದ ಗರಗರ ಎಂದು ಹೊರಗೆ ಬಂತು. ತೊಂಡೆಕೊಪ್ಪಲು ನಲವತ್ತು. ಹೊನ್ನೇಕಟ್ಟೆ ಮೂವತ್ತಮೂರು. ಸಣ್ಣೇನಹಳ್ಳಿ ಇಪ್ಪತ್ತೇಳು. ತೊಂಡೆಕೊಪ್ಪಲಿನವರು ಕರಿಯಯ್ಯನನ್ನು ಹೆಗಲ ಮೇಲೆ ಎತ್ತಿಕೊಂಡು ಮೆಟ್ಟಿಲಿಳಿಯಲು ಹೋದರು. ನಾನು ಆ ಕಾಗದ ಹಿಡಿದು ಕೂತುಬಿಟ್ಟೆ.

"ಕೆಂಪಣ್ಣ, ಬೇಜಾರಾಗ್ಬೇಡಿ," ಅಂದ ಶಿವಶಂಕರ್. "ಎಲ್ಲಿ ಸೋತ್ರಿ ಅಂತಾನೂ ಇದು ತೋರಿಸ್ತದೆ. ರಸ್ತೆ, ಜನ, ಊಟ, ಮೂರರಲ್ಲೂ ನಿಮ್ಮೂರೇ ಮುಂದೆ. ಬರೀ ತಿರುಗೋ ಜಾಗದಲ್ಲಿ ಬಿದ್ದಿದ್ದೀರಿ. ಅದೊಂದು ಸರಿಹೋದ್ರೆ ಲೆಕ್ಕ ತಿರುಗ್ತದೆ."

ನಾನು ಎದ್ದು ಕಿಟಕಿಯಿಂದ ಕೂಗಿದೆ. "ಕರಿಯಯ್ಯ, ಇಳೀಲಾ ಹೆಗಲಿಂದ. ನಂದೊಂದು ಕಣ ಅದೆ. ಊರ್ ಬಾಗ್ಲಲ್ಲೇ. ಬಸ್ಸು ತಿರುಗ್ಸಕ್ಕೆ ಬರ್ಕೊಡ್ತೀನಿ. ನಾಳೆ ಬಂದು ನೀನೇ ನೋಡು. ನಿನ್ ಕಣ್ಣಿಗೆ ತಿರುಗಕ್ಕಿಲ್ಲ ಅನ್ಸುದ್ರೆ ಬಸ್ಸು ನಿಂದು."

ಕರಿಯಯ್ಯ ಹೆಗಲ ಮೇಲಿಂದಲೇ ಯೋಚಿಸಿದ. ಲಾರಿ ಓಡಿಸಿದವನಿಗೆ ತಿರುಗುತ್ತದೋ ಇಲ್ಲವೋ ನೋಡು ಎಂದರೆ ಮುಗಿಯಿತು, ಊಟ ಬಿಟ್ಟು ಬರುತ್ತಾನೆ.

ಶುಕ್ರವಾರ ಬೆಳಿಗ್ಗೆ ಮೂರು ಊರೂ ನನ್ನ ಕಣದಲ್ಲಿ. ಬಸ್ಸು ಇನ್ನೂ ಇಲ್ಲವಲ್ಲ, ಹಾಗಾಗಿ ನಾವೇ ಬಸ್ಸಾದೆವು. ಮೂವತ್ತೈದು ಅಡಿ ಉದ್ದ, ಎಂಟು ಅಡಿ ಅಗಲಕ್ಕೆ ಹಗ್ಗ ಹಿಡಿದು ಇಪ್ಪತ್ತು ಗಂಡಸರು ನಿಂತರು. ಮುಂದೆ ಬಲಗಡೆ ಕರಿಯಯ್ಯ, ಕೈಯಲ್ಲಿ ಮೊರವನ್ನು ಸ್ಟೇರಿಂಗ್ ಮಾಡಿಕೊಂಡು. ಹಿಂದೆ ದ್ಯಾವಮ್ಮ ಕಂಡಕ್ಟರು. ಕಟ್ಟಳೆ ಏನೆಂದರೆ ಹಗ್ಗ ಸಡಿಲವಾಗಕೂಡದು, ಮೂಲೆಯವರು ಮೂಲೆಯಲ್ಲೇ ಇರಬೇಕು.

"ರೈಟ್," ಅಂದಳು ದ್ಯಾವಮ್ಮ.

ಕರಿಯಯ್ಯ ಗುರ್ರೆಂದು ಶಬ್ದ ಮಾಡುತ್ತಾ ಹೊರಟ. ಇಪ್ಪತ್ತು ಜನವೂ ಗುರ್ರೆಂದರು. ಕಣಕ್ಕೆ ನುಗ್ಗಿ, ಬಲಕ್ಕೆ ಎಳೆದು, ನೇರ ನನ್ನ ರಾಗಿ ಹುಲ್ಲಿನ ಮೆದೆಗೆ ಹೊಡೆದರು. ಮುಂದಿನ ಆರು ಜನ ಸೊಂಟದವರೆಗೆ ಹುಲ್ಲಿನೊಳಗೆ.

"ಓಲ್ಡಾನ್," ಅಂದಳು ದ್ಯಾವಮ್ಮ. "ಪ್ಯಾಸೆಂಜರೆಲ್ಲ ಸತ್ರು."

ಕರಿಯಯ್ಯ ಮೀಸೆಯಿಂದ ಹುಲ್ಲು ತೆಗೆಯುತ್ತಾ ಹೊರಬಂದ. "ನೋಡ್ಲಾ ಕೆಂಪ, ತಿರುಗಕ್ಕಿಲ್ಲ. ಮೆದೆ ಅಡ್ಡ."

"ಮೆದೆ ಇರಾಕಿಲ್ಲ," ಅಂದೆ.

ವರ್ಷದ ಮೇವು ಅದು. ನಮ್ಮೂರಿನವರು ಬಿದ್ದು ಎತ್ತಿದರು. ಹೊತ್ತು ಮೂರು ಆಳುದ್ದ ಏರುವುದರೊಳಗೆ ಮೆದೆ ಇದ್ದ ಜಾಗದಲ್ಲಿ ಕೋಳಿ ಕೆದಕುತ್ತಿತ್ತು. ಹುಲ್ಲು ಇಡಲು ಹತ್ತಿರದಲ್ಲಿ ಸೂರಿದ್ದದ್ದು ನನ್ನ ಮನೆ ಒಂದೇ. ಬಾಗಿಲು ತೆಗೆದುಕೊಟ್ಟೆ.

ಎರಡನೆಯ ಸಲ ಕರಿಯಯ್ಯ ಮೊರವನ್ನು ಬಿಗಿಯಾಗಿ ಹಿಡಿದ. ಅವನ ಕಣ್ಣಿಗೆ ಊರು ಕಾಣಿಸಲಿಲ್ಲ, ಜನ ಕಾಣಿಸಲಿಲ್ಲ, ರಿವರ್ಸ್ ಹಾಕದೆ ತಿರುಗಿಸಬೇಕು ಎಂಬುದೊಂದೇ ಕಾಣಿಸುತ್ತಿತ್ತು. ಗೇರು ಇಳಿಸಿದ. ಎಡಕ್ಕೆ ಒಂದು ಮಾರು ಬಿಟ್ಟುಕೊಂಡ. ಬಾಯಲ್ಲಿ ಹಾರನ್ ಹೊಡೆದ. ಆಮೇಲೆ ಮೈಯನ್ನೆಲ್ಲ ಬಲಕ್ಕೆ ವಾಲಿಸಿ ಎಳೆದ. ಮೂವತ್ತೈದಡಿ ಬಸ್ಸು, ಹಗ್ಗದಲ್ಲಿ ಒಂದು ಸುಕ್ಕಿಲ್ಲದೆ, ಹಿಂದಿನ ಮೂಲೆಯವರು ಓಡೋಡಿ, ನನ್ನ ಬೇಲಿಗೆ ಒಂದು ಗೇಣು ಬಿಟ್ಟು, ದುಂಡಗೆ ತಿರುಗಿ, ಮೂತಿಯನ್ನು ಪಾಂಡವಪುರದ ಕಡೆಗೆ ಇಟ್ಟು ನಿಂತಿತು. ಮೂರು ಊರಿನವರೂ ಒಟ್ಟಿಗೆ ಕೂಗಿದ ಸದ್ದಿಗೆ ಬಿಂಡಿಗನವಿಲೆಯ ಕುರಿಗಳು ದಿಕ್ಕಾಪಾಲಾದವಂತೆ.

"ತಿರುಗ್ಬುಡ್ತು," ಎಂದು ಕುಣಿದ ಕರಿಯಯ್ಯ. ಎರಡು ಸಲ ಕುಣಿದ. ಮೂರನೆಯ ಸಲ ಕಾಲು ಎತ್ತಿದವನು ಹಾಗೇ ನಿಂತ. ಅವನ ಊರಿನವರು ಅವನನ್ನೇ ನೋಡುತ್ತಿದ್ದರು.

ಕರಿಯಯ್ಯ ಮೊರ ಕೆಳಗಿಟ್ಟು ನನ್ನ ಹತ್ತಿರ ಬಂದ.

"ಹಾಕ್ಲಾ ಟವಲ್ಲ," ಅಂದ.

ಸಣ್ಣೇನಹಳ್ಳಿಗಿಂತ ಹೊನ್ನೇಕಟ್ಟೆ ಎರಡು ಪಾಲು ವಾಸಿ ಎಂದು ಹಿಡಿದ. ಒಂಬತ್ತರಿಂದ ಶುರುಮಾಡಲಿಲ್ಲ. ಚೌಕಾಸಿ ಇಲ್ಲದೆ ಒಂದೇ ಸಲಕ್ಕೆ. ಇಪ್ಪತ್ತೈದು ವರ್ಷದ ದಲ್ಲಾಳಿತನದಲ್ಲಿ ನನ್ನ ಕೈಗೆ ಮೊದಲ ಹಿಡಿತದಲ್ಲೇ ನಿಜ ಸಿಕ್ಕಿದ್ದು ಅದೊಂದೇ ಸಲ. ದ್ಯಾವಮ್ಮ ನಮ್ಮೂರೂ ತೊಂಡೆಕೊಪ್ಪಲೂ ಸಮ ಎಂದು ಒಂದು ಬೆರಳು ಹಿಡಿದಳು.

"ಆದ್ರೆ ಒಂದ್ ಮಾತು," ಎಂದ ಕರಿಯಯ್ಯ. "ನಮ್ಮೂರ್ ಗೇಟಲ್ಲಿ ಎರಡ್ ನಿಮಿಷ ನಿಲ್ಸಬೇಕು. ಡ್ರೈವರ್ ಎಂಗೆ ತಿರುಗುಸ್ತಾನೆ ಅಂತ ನಾನು ದಿನಾ ಬಂದು ನೋಡ್ಬೇಕು."

ಮಧ್ಯಾಹ್ನ ನಾಗಮಂಗಲದಲ್ಲಿ ಹೊಸ ಬೆರಳುಗಳನ್ನು ಒತ್ತಿದಾಗ ಹೊನ್ನೇಕಟ್ಟೆಗೆ ನಲವತ್ತೇಳು ಬಂತು, ತೊಂಡೆಕೊಪ್ಪಲಿಗೆ ಮೂವತ್ತೊಂದು, ಸಣ್ಣೇನಹಳ್ಳಿಗೆ ಇಪ್ಪತ್ತೆರಡು. ಮೂವರೂ ಹೆಬ್ಬೆಟ್ಟು ಒತ್ತಿ ಶನಿವಾರ ಕಾಗದ ಕೊಟ್ಟರು. ಮುಂದಿನ ವಾರ ನಿಜವಾದ ಬಸ್ಸು ಬಂದು ಪಾಂಡವಪುರದ ಸ್ಟ್ಯಾಂಡಿನಲ್ಲಿ, ನಮ್ಮೂರಿನ ಬೋರ್ಡು ಹಾಕಿಕೊಂಡು ನಿಂತಿತು.

ಆ ದಿನ ಮೂರೂವರೆಗೇ ನಾನು ಆ ಜಗಲಿಯ ಮುಂದಿದ್ದೆ. ಚಿಕ್ಕಬೋರಮ್ಮ ಮಡಿಲಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಬೋರ್ಡು ಓದಿದಳು. ಇನ್ನೊಂದು ಸಲ ಓದಿದಳು. ಮುಖ ಮಾತ್ರ ಬದಲಾಯಿಸಲಿಲ್ಲ.

"ಯಾರ್ ತಂದ್ರು?"

"ನಾನೇ ಕಣಮ್ಮಿ," ಎಂದು ಶುರುಮಾಡಿ, ಎರಡೆರಡಾಗಿ ಹೇಗೆ ತೂಗಿದೆವು, ಆರು ಪಾಯಿಂಟ್ ಒಂದು ಹೇಗೆ ಸೊನ್ನೆಯಾಯಿತು, ಎಲ್ಲಾ ಹೇಳಿದೆ.

"ಕಣ ಬರ್ಕೊಟ್ಟಾ?" ಎಂದಳು. ಸುಲಿಯುವ ಕೈ ನಿಂತಿತ್ತು.

"ಕೊಟ್ಟೆ."

"ನಂಗೋಸ್ಕರ?"

"ಕಣಕ್ಕೂ ನಿಂಗೂ ತೂಗಿ ನೋಡ್ದೆ. ಒಂಬತ್ತು ಬಂತು. ಚೌಕಾಸಿ ಮಾಡ್ನಿಲ್ಲ."

ಅವಳು ತಲೆ ತಗ್ಗಿಸಿ ಒಂದು ಅವರೆಕಾಯಿಯನ್ನು ಬಹಳ ಹೊತ್ತು ಸುಲಿದಳು. ಆಮೇಲೆ ತಟ್ಟನೆ ತಲೆಯೆತ್ತಿದಳು.

"ಕಣದಲ್ಲಿದ್ದ ಮೆದೆ ಎಲ್ಲಿಟ್ಟೆ?"

"ಮೆದೆ ಎಲ್ಲೂ ಓಗಿಲ್ಲ ಕಣಮ್ಮಿ, ಮನೇಲೇ ಅದೆ. ಅದ್ನೂ ಕ್ರಮವಾಗೇ ಮಾಡ್ದೆ. ಅಟ್ಟಕ್ಕೂ ನಡುಮನೆಗೂ ತೂಗುದ್ರೆ ನಡುಮನೆ ಮೂರು ಪಾಲು ವಾಸಿ. ನಡುಮನೆಗೂ ಅಡುಗೆಮನೆಗೂ ತೂಗುದ್ರೆ, ಒಲೆ ಅಂತೂ ಉರೀತಿರ್ಲಿಲ್ಲ, ನೀನೂ ಇರ್ಲಿಲ್ಲ, ಅದ್ಕೆ ಅಡುಗೆಮನೆ ಐದು ಪಾಲು..."

ಅವರೆಕಾಯಿ ಜಗಲಿಯ ಮೇಲೆ ಚೆಲ್ಲಿತು. ಅವಳು ಒಳಗೆ ಹೋಗಿ ಬ್ಯಾಗು ಹಿಡಿದು ಬಂದಳು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನೇರ ಬಸ್ಸಿನ ಕಡೆಗೆ ನಡೆದಳು. ನಾನು ಹಿಂದೆಯೇ ಓಡಿದೆ.

"ಪೂರ್ತಿ ಅಲ್ಲ ಕಣಮ್ಮಿ, ಒಲೆ ತಾವ ಒಂದ್ ಮೊಳ ಬುಟ್ಟಿವ್ನಿ. ಮಿಕ್ಕಿದ್ದು ನಿನ್ ಸೀರೆ ಪೆಟ್ಟಿಗೆ ಮ್ಯಾಲಿಡಾದೋ, ರಾಗಿ ವಾಡೆ ಮ್ಯಾಲಿಡಾದೋ ಅಂತ ಎರಡ್ನೂ ತೂಗಿ ನೋಡ್ದಾಗ, ಶಿವಶಂಕರ ಏನಂದ ಅಂದ್ರೆ, ಪೆಟ್ಟಿಗೆಗೆ..." ಎನ್ನುವಷ್ಟರಲ್ಲಿ ಅವಳು ಬಸ್ಸು ಹತ್ತಿಯಾಗಿತ್ತು.